ಮಂಡಿಯವರೆಲ್ಲ ನನ್ನ ವಿರುದ್ಧವೇ ಇದ್ದಾರೆ ಅನ್ನಿಸುವುದೇಕೆ?

ಕೋಲಾರದ ಟೊಮೆಟೊ ಮಂಡಿಯಲ್ಲಿ ಎಲ್ಲರೂ ನಿಮ್ಮನ್ನು ಮುಳುಗಿಸಲು ನಿಂತಿದ್ದಾರೆ ಅಂತೀರಿ. ತೂಕದಲ್ಲಿ ಮೋಸವಾಗಿದ್ದರೆ ಅದು ಮೋಸವೇ. ಚೀಟಿ ಇಟ್ಟುಕೊಂಡು ಎಪಿಎಂಸಿಗೆ ದೂರು ಕೊಡಿ. ಆದರೆ ಬೆಲೆ ಬಿದ್ದದ್ದು, ಯಾರೋ ಮಾತಾಡಿಸದೆ ಹೋದದ್ದು, ಅತ್ತ ಇಬ್ಬರು ನಕ್ಕದ್ದು ಎಲ್ಲವೂ ಒಂದೇ ಸಂಚಿನಂತೆ ಕಂಡರೆ ಎಚ್ಚರ. ಹೆದರಿದ ಮನಸ್ಸು ತನಗೆ ಒಪ್ಪುವ ಸಾಕ್ಷಿಯನ್ನಷ್ಟೇ ಆರಿಸುತ್ತದೆ. ನೀವು ಮುಖ ತಿರುಗಿಸುತ್ತೀರಿ, ಅವರೂ ದೂರ ಸರಿಯುತ್ತಾರೆ, ಅದೇ ಮತ್ತೊಂದು ಸಾಕ್ಷಿಯಾಗುತ್ತದೆ. ನಿದ್ದೆಗೆಟ್ಟರಂತೂ ಈ ಅನುಮಾನ ಇನ್ನೂ ಜಾಸ್ತಿ.

ನೋಟ್‌ಬುಕ್ಕಿನಲ್ಲಿ ಕಂಡದ್ದು ಒಂದು ಕಡೆ, ಊಹಿಸಿದ್ದು ಇನ್ನೊಂದು ಕಡೆ ಬರೆಯಿರಿ; ಪ್ರತಿ ಊಹೆಗೂ ಬೇರೆ ಎರಡು ಕಾರಣ ಹುಡುಕಿ. ಒಬ್ಬರಿಗೆ ತೋರಿಸಿ (ನಿಮ್ಮ ಮಾತಿಗೆಲ್ಲ ತಲೆಯಾಡಿಸುವವರಿಗಲ್ಲ). ಯಾರೂ ಇಲ್ಲದಾಗ ದನಿ ಕೇಳಿಸಿದರೆ, ಊಟಕ್ಕೆ ವಿಷ ಬೆರೆಸಿದ್ದಾರೆ ಅನ್ನಿಸಿದರೆ ನೋಟ್‌ಬುಕ್ ಸಾಲದು. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.