"ಔಷಧಿ ಯಾವಾಗ ಹೊಡೆಯಬೇಕು, ತಂಗಿ?"

ಸುಮಾ (ಹೆಸರು ಬದಲಿಸಿದ್ದೇನೆ) ಕೃಷಿ ಸಂಶೋಧನಾ ವಿದ್ಯಾರ್ಥಿನಿ. ಮಳೆಗಾಲದಲ್ಲಿ ಕಾಯಿ ಕೊಳೆಯಿಸಿ ಉದುರಿಸುವ ಅಡಿಕೆಯ ಕೊಳೆರೋಗ ಅವರ ವಿಷಯ. ಸಭಾಕಂಪನ ಎಂದು ನನ್ನ ಬಳಿ ಬಂದರು. ಮಲೆನಾಡಿನ ಬೆಳೆಗಾರರ ಸಭೆಯಲ್ಲಿ ಫಲಿತಾಂಶ ಮಂಡಿಸುವಾಗ ಅರ್ಧ ಜನ ಮೊಬೈಲ್ ಹಿಡಿದಿದ್ದರಂತೆ. ಕೊನೆಗೆ ಹಿರಿಯರೊಬ್ಬರು ಎದ್ದು, "ಎಲ್ಲ ಸರಿ, ಔಷಧಿ ಯಾವಾಗ ಹೊಡೆಯಬೇಕು ತಂಗಿ?" ಎಂದರಂತೆ. ಅಂದಿನಿಂದ ಮೈಕ್ ಕಂಡರೆ ಅಂಗೈ ಬೆವರುತ್ತದೆ.

ಲ್ಯಾಪ್‌ಟಾಪ್ ತೆರೆಸಿದೆ. 20 ನಿಮಿಷಕ್ಕೆ 41 ಸ್ಲೈಡು! ಮೊದಲ ಒಂಬತ್ತು ಬರೀ ರೋಗಾಣುವಿನ ವರ್ಗೀಕರಣ, ಹಿಂದಿನವರ ಅಧ್ಯಯನ. ಮುಂಗಾರು ಹಿಡಿಯುವ ಮೊದಲೇ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣ ಬೆರೆಸಿದ ಔಷಧಿ) ಸಿಂಪಡಿಸಿದ ತೋಟಗಳಲ್ಲಿ ಕಾಯಿ ಉದುರಿದ್ದು ಕಡಿಮೆ ಎಂಬ ಮಾತು 38ನೆಯ ಸ್ಲೈಡಿನ ಕೋಷ್ಟಕದಲ್ಲಿ ಹೂತುಹೋಗಿತ್ತು. ಮೇಲೆ ತಲೆಬರಹ: 'ಫಲಿತಾಂಶ ಮತ್ತು ಚರ್ಚೆ'.

ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ, ಕೇಳಿ ಬಂದವರನ್ನು ಬರಿಗೈಯಲ್ಲಿ ಕಳುಹಿಸಬಾರದಲ್ಲ. ಆದರೆ ತೊಂದರೆ ಇದ್ದದ್ದು ಭಾಷಣದಲ್ಲೇ. ಪರೀಕ್ಷಕರಿಗೆಂದು ಕಟ್ಟಿದ್ದನ್ನು ತೋಟದವರ ಮುಂದೆ ಬಿಚ್ಚಿದ್ದರು.

"ಉತ್ತರವನ್ನೇ ಮೊದಲು ಹೇಳಿ" ಎಂದೆ.

"ಆಮೇಲೆ ಯಾರು ಕೇಳುತ್ತಾರೆ ಮೇಡಂ?"

"ನಿಮಗೆ ಹೇಗೆ ಗೊತ್ತಾಯಿತು ಎಂದು ಅವರೇ ಕೇಳುತ್ತಾರೆ."

ತಲೆಬರಹದಲ್ಲಿ ವಿಷಯದ ಹೆಸರು ಬೇಡ, ಕಂಡುಕೊಂಡದ್ದನ್ನೇ ಪೂರ್ತಿ ವಾಕ್ಯವಾಗಿ ಬರೆಯಿರಿ ಎಂದೆ. ತೆರೆಯ ಮೇಲಿನ ಸಾಲನ್ನೇ ಓದಬೇಡಿ. ಚಿತ್ರ ತೋರಿಸುತ್ತ ಬಾಯಲ್ಲಿ ಹೇಳುವ ಮಾತನ್ನೇ ಅಕ್ಷರದಲ್ಲೂ ಹಾಕಿದರೆ ಕಲಿಕೆ ಕುಗ್ಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಇನ್ನೊಂದು ಉಪಾಯ ಹಾರ್ವರ್ಡ್‌ನ ಭೌತಶಾಸ್ತ್ರಜ್ಞ ಎರಿಕ್ ಮಜೂರ್ ಅವರದು. 1991ರಿಂದ ಅವರು ತರಗತಿಯಲ್ಲಿ ಪ್ರಶ್ನೆ ಹಾಕಿ, ಉತ್ತರ ಪಡೆದು, ಪಕ್ಕದವರೊಡನೆ ವಾದಿಸಲು ಬಿಟ್ಟು, ಮತ್ತೆ ಕೇಳುತ್ತಿದ್ದರು. ಸುಮಾ ಮಾಡಬೇಕಾದದ್ದೂ ಇಷ್ಟೇ: ಎರಡು ಗೊನೆಗಳ ಫೋಟೋ ಹಾಕಿ, ಮಳೆಗೆ ಮುಂಚೆ ಔಷಧಿ ಕಂಡದ್ದು ಯಾವುದು ಎಂದು ಕೈ ಎತ್ತಿಸುವುದು. ಕೋಷ್ಟಕವನ್ನು ಅಚ್ಚು ಹಾಕಿಸಿ ಕೊನೆಯಲ್ಲಿ ಹಂಚಿದರಾಯಿತು.

"ಗೈಡ್ ಇದನ್ನು ಹಗುರ ಎನ್ನುತ್ತಾರೆ" ಎಂದರು. ನಿಜವಾದ ಹೆದರಿಕೆ ಇದೇ ಇರಬೇಕು. ಪರೀಕ್ಷಕರಿಗೊಂದು, ಬೆಳೆಗಾರರಿಗೊಂದು ಎಂದು ಎರಡು ಪ್ರತಿ ಮಾಡಿ, ಬೆಳೆಗಾರರದ್ದನ್ನು ಮೊದಲೇ ಗೈಡ್‌ಗೆ ತೋರಿಸಿಬಿಡಿ ಎಂದೆ.

ಮುಂದಿನ ಸಭೆಯಾದ ಮೇಲೆ ಫೋನ್ ಮಾಡಿದರು. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ ಎಂದದ್ದೇ ತಡ, ಸುಣ್ಣ ಎಂಥದ್ದಿರಬೇಕೆಂದು ಎರಡು ಸಾಲಿನವರು ಜಗಳಕ್ಕೇ ಬಿದ್ದರಂತೆ. "12 ಸ್ಲೈಡಿನಲ್ಲಿ 5 ತೋರಿಸಲು ಆಗಲೇ ಇಲ್ಲ ಮೇಡಂ" ಎಂದು ದೂರಿದರು. ಮುಂದಿನ ಸಲಕ್ಕೆ 7 ಸಾಕು ಎಂದೆ.