ಜೆಲ್ ಪಾಲಿಶ್ ಕೋರ್ಸ್‌ಗೆ ದುಡ್ಡು ಕಟ್ಟುವ ಮೊದಲು ಇಷ್ಟು ಕೇಳಿ

ತಂಗಿ, ನಿಮ್ಮ ಪ್ರಶ್ನೆ ನೋಡಿದೆ. ಬಾಗಲಕೋಟೆಯ ನವನಗರದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಪಾರ್ಲರ್ ಇದೆ, ಥ್ರೆಡ್ಡಿಂಗ್, ಫೇಶಿಯಲ್ ಮಾಡುತ್ತೀರಿ, ಈಗ ಮದುವೆ ಹುಡುಗಿಯರು ಉಗುರಿಗೆ ಜೆಲ್ ಪಾಲಿಶ್ ಕೇಳುತ್ತಿದ್ದಾರೆ. ಬೆಳಗಾವಿಯಲ್ಲಿ ಒಂದು ಕಡೆ ಕಿಟ್ ಸಮೇತ ಒಂದು ದಿನದ ಕೋರ್ಸ್, ಇನ್ನೊಂದು ಕಡೆ ಕಿಟ್ ಇಲ್ಲದ ಮೂರು ದಿನದ ಕೋರ್ಸ್, ಇದೂ ಬೇಡವಾದರೆ ಮೊಬೈಲ್‌ನಲ್ಲಿ ಆನ್‌ಲೈನ್ ಕೋರ್ಸ್. ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ. ಮೇಲಿನ ಕಾಮೆಂಟ್‌ನಲ್ಲಿ ಒಬ್ಬರು ಯೂಟ್ಯೂಬ್ ನೋಡಿದರೆ ಸಾಕು, ಸುಮ್ನೆ ದುಡ್ಡು ಯಾಕೆ ಎಂದು ಬರೆದಿದ್ದಾರೆ.

ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ಉಗುರಿನ ಕೆಲಸ ಮಾಡುತ್ತೇನೆ. ಬೇರೆ ಬೇರೆ ಕಡೆ ಕಲಿತ ಹುಡುಗಿಯರು ನಮ್ಮಲ್ಲಿ ಕೆಲಸ ಕೇಳಿಕೊಂಡು ಬರುತ್ತಾರೆ. ಅವರ ಕೈಕೆಲಸ ನೋಡಿ ನೋಡಿ ಅನಿಸಿದ್ದನ್ನು ಹೇಳುತ್ತೇನೆ.

ಮೂರು ದಿನದ್ದಕ್ಕೆ ಹೋಗಿ. ಆದರೆ ಅಡ್ವಾನ್ಸ್ ಕೊಡುವ ಮೊದಲು ಫೋನ್ ಮಾಡಿ ಒಂದು ಮಾತು ಕೇಳಿ: "ಎರಡು ವಾರ ಬಿಟ್ಟು, ನಾನು ಜೆಲ್ ಹಚ್ಚಿದ ಅದೇ ಮಾಡೆಲ್‌ನ ಕರ್ಕೊಂಡು ಬರ್ತೀನಿ, ನೀವು ಕೂತು ನೋಡಿ, ಆ ಜೆಲ್ ನನ್ನ ಕೈಯಿಂದಲೇ ತೆಗೆಸ್ತೀರಾ?" ಹೂಂ ಅಂದರೆ ಅಲ್ಲಿ ಕಲಿಯಿರಿ. ಬಾಗಲಕೋಟೆಯಿಂದ ಇನ್ನೊಂದು ಸಲ ಬಸ್ ಹತ್ತಿ ಬರುವುದು ಖರ್ಚೇ, ಆದರೂ ಬನ್ನಿ.

ಯಾಕೆ ಅಂದರೆ, ಹಚ್ಚಿದ ದಿನ ಎಲ್ಲರ ಜೆಲ್ಲೂ ಚಂದವೇ ಕಾಣುತ್ತದೆ. ಕೊನೆಯ ಹೊಳಪಿನ ಪದರ, ಅಂದರೆ ಟಾಪ್ ಕೋಟ್, ಬಿದ್ದ ಮೇಲೆ ಕೈ ಪಳಗಿದವರದ್ದೂ ಹೊಳೆಯುತ್ತದೆ, ನಿನ್ನೆ ಬ್ರಷ್ ಹಿಡಿದವರದ್ದೂ ಹೊಳೆಯುತ್ತದೆ. ಒಂದು ದಿನದ ಕೋರ್ಸ್‌ನಲ್ಲಿ ಆ ಹೊಳಪಿನ ಫೋಟೋ ತೆಗೆದು, ಸರ್ಟಿಫಿಕೇಟ್ ಕೊಟ್ಟು ಕಳಿಸುತ್ತಾರೆ. ಕೆಲಸದ ಗುಣ ಗೊತ್ತಾಗುವುದು ಆಮೇಲೆ. ಆಗ ಪಕ್ಕದಲ್ಲಿ ಟೀಚರ್ ಇರುವುದಿಲ್ಲ, ಸಿಟ್ಟಾದ ಗಿರಾಕಿ ಇರುತ್ತಾರೆ.

ಎರಡು ವಾರದ ಉಗುರನ್ನು ಬೆಳಕಿಗೆ ಹಿಡಿದು ನೋಡಿದರೆ ಎಲ್ಲಾ ತಿಳಿಯುತ್ತದೆ. ಬುಡದ ಕಡೆಯಿಂದ ಪದರ ಎದ್ದಿದ್ದರೆ, ಉಗುರಿಗೆ ಅಂಟಿದ ಸತ್ತ ಚರ್ಮ ಪೂರ್ತಿ ತೆಗೆದಿಲ್ಲ, ಇಲ್ಲವೇ ಜೆಲ್ ಪಕ್ಕದ ಚರ್ಮಕ್ಕೆ ಹರಿದಿದೆ. ತುದಿಯಿಂದ ಚೂರು ಚೂರು ಹೋಗಿದ್ದರೆ, ತುದಿಯ ಅಂಚಿಗೆ ಬ್ರಷ್ ಎಳೆದು ಮುಚ್ಚಿಲ್ಲ. ಇಡೀ ಬಣ್ಣ ಒಂದೇ ಹಾಳೆಯಾಗಿ ಕಿತ್ತು ಬಂದಿದ್ದರೆ, ಹೆಚ್ಚಾಗಿ ಉಗುರಿನ ಮೇಲೆ ಜಿಡ್ಡು ಉಳಿದಿತ್ತು. ಎಣ್ಣೆ ಜಿಡ್ಡಿನ ಗೋಡೆಗೆ ಸುಣ್ಣ ಹಿಡಿಯುತ್ತದಾ? ಹೆಬ್ಬೆರಳು ಮಾತ್ರ ಕೆಟ್ಟು ಉಳಿದ ನಾಲ್ಕು ಚೆನ್ನಾಗಿದ್ದರೆ, ಐದೂ ಬೆರಳನ್ನು ಒಟ್ಟಿಗೆ, ಜೆಲ್ ಗಟ್ಟಿ ಮಾಡುವ ಲ್ಯಾಂಪ್‌ನಲ್ಲಿ ಇಟ್ಟಿದ್ದೀರಿ ಅಂತ ಅರ್ಥ. ಕೈ ಚಪ್ಪಟೆ ಇಟ್ಟಾಗ ಹೆಬ್ಬೆರಳಿನ ಉಗುರು ಪಕ್ಕಕ್ಕೆ ಮುಖ ಮಾಡಿರುತ್ತದೆ, ಬೆಳಕು ನೇರ ಬೀಳುವುದಿಲ್ಲ. ಎರಡೂ ಹೆಬ್ಬೆರಳನ್ನು ಬೇರೆಯಾಗಿ ಇಡಬೇಕು. ಇದನ್ನೆಲ್ಲ ನಿಮ್ಮದೇ ಕೆಲಸದ ಮೇಲೆ ಬೆರಳಿಟ್ಟು ತೋರಿಸುವವರು ಸಿಕ್ಕರೆ ಅದೇ ಕೋರ್ಸ್. ಉಳಿದದ್ದು ಅಭ್ಯಾಸ.

ತೆಗೆಯುವ ಕೆಲಸಕ್ಕೆ ಅರ್ಧ ದಿನವಾದರೂ ಇಟ್ಟಿದ್ದಾರಾ ಅಂತ ನೋಡಿ. ಜಾಹೀರಾತಿನಲ್ಲಿ ನೇಲ್ ಆರ್ಟ್, ಕ್ರೋಮ್, ಕ್ಯಾಟ್ ಐ ಅಂತ ಡಿಸೈನ್‌ಗಳ ಉದ್ದ ಪಟ್ಟಿ ಇರುತ್ತದೆ, ತೆಗೆಯುವುದರ ಮಾತೇ ಇರುವುದಿಲ್ಲ. ಸರಿಯಾದ ಕ್ರಮ ಹೀಗೆ: ಟಾಪ್ ಕೋಟ್‌ನ ಹೊಳಪು ಮಾತ್ರ ಫೈಲ್‌ನಿಂದ ಒಡೆಯಬೇಕು, ಅಸಿಟೋನ್‌ನಲ್ಲಿ ಅದ್ದಿದ ಹತ್ತಿ ಇಟ್ಟು ಫಾಯಿಲ್ ಸುತ್ತಬೇಕು, 10ರಿಂದ 15 ನಿಮಿಷ ಕಾಯಬೇಕು. ಆಮೇಲೆ ಕಟ್ಟಿಗೆ ಕಡ್ಡಿಯಿಂದ ಮೆಲ್ಲಗೆ ತಳ್ಳಿದರೆ ತಾನೇ ಜಾರುತ್ತದೆ. ಜಾರದಿದ್ದರೆ ಮತ್ತೆ ಸುತ್ತಿ ಕಾಯಬೇಕು. ಅವಸರಕ್ಕೆ ಕೆರೆದರೆ ಉಗುರಿನ ಮೇಲಿನ ಪದರವೇ ಕಿತ್ತು ಬರುತ್ತದೆ. ಕೈಯುಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿಲಿಮೀಟರ್. ಬುಡದಿಂದ ತುದಿಯವರೆಗೆ ಹೊಸ ಉಗುರು ಬರಲು ಹತ್ತಿರ ಹತ್ತಿರ 6 ತಿಂಗಳು ಬೇಕು. ಅಷ್ಟು ದಿನ ಆ ಗಿರಾಕಿ ತೆಳ್ಳಗಾದ ಉಗುರು ಹೊತ್ತು ತಿರುಗುತ್ತಾಳೆ. "ಜೆಲ್ ಹಚ್ಚಿದರೆ ಉಗುರು ಹಾಳು" ಅನ್ನುವ ಮಾತು ಊರಲ್ಲಿ ಹುಟ್ಟುವುದು ಹೆಚ್ಚಾಗಿ ಇಲ್ಲಿಂದಲೇ.

ಇನ್ನೊಂದು ವಿಷಯ ದಯವಿಟ್ಟು ಲಘುವಾಗಿ ತಗೋಬೇಡಿ. ಜೆಲ್ ಒಣಗುವ ಬಣ್ಣವಲ್ಲ, ಬೆಳಕಿನಿಂದ ಗಟ್ಟಿಯಾಗುವ ರಾಸಾಯನಿಕ. ಗಟ್ಟಿಯಾಗುವ ಮೊದಲು ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಅಲರ್ಜಿ ಬರಬಹುದು. ಹೆಮಾ (HEMA) ಎಂಬ ಅಂಶದ ಹೆಸರು ಇದರಲ್ಲಿ ಜಾಸ್ತಿ ಕೇಳಿಬರುತ್ತದೆ. ಉಗುರಿನ ಸುತ್ತ ತುರಿಕೆ, ಕೆಂಪು, ಸಣ್ಣ ಗುಳ್ಳೆ ಏಳುತ್ತವೆ, ಕೆಲವರಿಗೆ ಕಣ್ಣಿನ ರೆಪ್ಪೆಯೂ ಊದುತ್ತದೆ. ಒಮ್ಮೆ ಅಂಟಿಕೊಂಡರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಹಲ್ಲಿಗೆ ತುಂಬುವ ಫಿಲ್ಲಿಂಗ್‌ನಲ್ಲೂ ಇದೇ ಜಾತಿಯ ವಸ್ತು ಇರುತ್ತದೆ, ಮುಂದೆ ಅಲ್ಲೂ ತೊಂದರೆ ಆಗಬಹುದು. ಗಿರಾಕಿಗೆ ತಿಂಗಳಿಗೊಮ್ಮೆ ತಾಗುವುದು ನಿಮಗೆ ದಿನಾ ತಾಗುತ್ತದೆ. ಹಾಗಾಗಿ ಮೊದಲ ದಿನವೇ ಟೀಚರ್ ನೈಟ್ರೈಲ್ ಗ್ಲೌಸ್ ಹಾಕಿಸುತ್ತಾರಾ, ಅದರ ಮೇಲೆ ಜೆಲ್ ಬಿದ್ದ ಕೂಡಲೇ ಬದಲಿಸಿ ಅನ್ನುತ್ತಾರಾ, ಲ್ಯಾಂಪ್‌ಗೆ ಇಡುವ ಮೊದಲು ಚರ್ಮಕ್ಕೆ ಹರಿದದ್ದನ್ನು ಒರೆಸಿಸುತ್ತಾರಾ ನೋಡಿ. ಟೀಚರೇ ಬರಿಗೈಯಲ್ಲಿ ಜೆಲ್ ಒರೆಸುತ್ತಿದ್ದರೆ ಅಲ್ಲಿಂದ ಎದ್ದು ಬನ್ನಿ. ಅಲರ್ಜಿಯ ಮಾತು ಎತ್ತಿದರೆ ನಗುವವರ ಹತ್ತಿರ ಕಲಿಯಬೇಡಿ.

ಈಗ ಕಿಟ್ ವಿಚಾರ. ನಿಮಗೆ ಆಸೆ ಹುಟ್ಟಿಸಿದ್ದೇ ಅದು ಅಲ್ವಾ? ಕಿಟ್‌ನಲ್ಲಿ ಎಷ್ಟು ಬಣ್ಣ ಇದೆ ಅನ್ನುವುದು ಮುಖ್ಯ ಅಲ್ಲ. ಬಾಟಲಿ ಮೇಲೆ ಕಂಪನಿ ಹೆಸರು, ಅಂಶಗಳ ಪಟ್ಟಿ, ಬ್ಯಾಚ್ ನಂಬರ್ ಇದೆಯಾ? ಲ್ಯಾಂಪ್ ಆ ಜೆಲ್‌ಗೆ ಹೊಂದುತ್ತದಾ? ಲ್ಯಾಂಪ್ ಡಬ್ಬಿ ಮೇಲೆ 48 ವ್ಯಾಟ್ ಅಂತ ದೊಡ್ಡದಾಗಿ ಬರೆದಿರುತ್ತಾರೆ, ಆದರೆ ಬೆಳಕಿನ ತರಂಗಾಂತರವೂ ನೋಡಬೇಕು. ಸಾಮಾನ್ಯವಾಗಿ 365 ಮತ್ತು 405 ನ್ಯಾನೋಮೀಟರ್ ಎಂದಿರುತ್ತದೆ. ಜೆಲ್ ಒಂದು ಬಗೆ, ಲ್ಯಾಂಪ್ ಒಂದು ಬಗೆ ಆದರೆ ಮೇಲೆ ಗಟ್ಟಿ, ಒಳಗೆ ಹಸಿ. ಆ ಹಸಿಯೂ ಅಲರ್ಜಿಗೆ ದಾರಿ. ಬೆಳಕಿಗೆ ಜೆಲ್ ಗಟ್ಟಿಯಾಗಲು ಸೇರಿಸುವ ಟಿಪಿಒ (TPO) ಎಂಬ ಅಂಶವನ್ನು ಐರೋಪ್ಯ ಒಕ್ಕೂಟದಲ್ಲಿ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯ ಸಾಮಗ್ರಿಗಳಲ್ಲಿ ನಿಷೇಧಿಸಿದ್ದಾರೆ. ಅದು ಅಲ್ಲಿನ ಕಾನೂನು, ಆದರೂ ಬಾಟಲಿ ಓದುವ ಅಭ್ಯಾಸ ನಿಮಗಿರಲಿ. ಬೇಸ್ (ಬಣ್ಣದ ಕೆಳಗಿನ ಮೊದಲ ಪದರ), ಟಾಪ್, ಐದಾರು ಬಣ್ಣ, ಒಂದು ನಂಬಿಕೆಯ ಲ್ಯಾಂಪ್ ನೀವೇ ಕೊಂಡರೂ ಶುರು ಮಾಡಲು ಸಾಕು. ಕರೆಂಟ್ ಹೋಗುವ ಕಡೆ ಬ್ಯಾಟರಿ ಇರುವ ಲ್ಯಾಂಪ್ ತಗೊಳ್ಳಿ, ಅರ್ಧಕ್ಕೆ ನಿಂತರೆ ಕಷ್ಟ.

ನಮ್ಮ ಕಡೆಯ ಕೈಗಳ ಬಗ್ಗೆ ಕೋರ್ಸ್‌ನಲ್ಲಿ ಹೇಳಿಕೊಡುವುದು ಕಡಿಮೆ, ಅದಕ್ಕೆ ಇಲ್ಲೇ ಬರೆಯುತ್ತೇನೆ. ದಿನಾ ಜೋಳದ ರೊಟ್ಟಿ ಬಡಿಯುವ ಕೈಗೆ ಉದ್ದ ಉಗುರು ನಿಲ್ಲುವುದಿಲ್ಲ. ಉಗುರು ಚಿಕ್ಕದಾಗಿ ಕತ್ತರಿಸಿ, ಅಂಚು ಚೆನ್ನಾಗಿ ಮುಚ್ಚಿ ತೆಳ್ಳಗೆ ಹಚ್ಚಿದ ಜೆಲ್ ನಿಲ್ಲುತ್ತದೆ. ನೀವು ಉಗುರು ಉದ್ದ ಮಾಡುವ ಎಕ್ಸ್‌ಟೆನ್ಶನ್ ಈಗಲೇ ಕಲಿಯಬೇಕಿಲ್ಲ ಅನ್ನುವುದು ಇದಕ್ಕೇ. ಅರಿಶಿನ ಶಾಸ್ತ್ರಕ್ಕೆ ಮೊದಲು ಬಿಳಿ, ತಿಳಿ ಗುಲಾಬಿ ಹಚ್ಚಿಸಿಕೊಂಡರೆ ಹಳದಿ ಕಲೆ ಕೂರುತ್ತದೆ, ಮೊದಲೇ ಹೇಳಿ ಗಾಢ ಬಣ್ಣ ಕೊಡಿ. ಆದರೆ ಗಾಢ ಬಣ್ಣ ದಪ್ಪಗೆ ಹಚ್ಚಿದರೆ ಒಳಗೆ ಬೆಳಕು ಇಳಿಯದೆ ಸುಕ್ಕುಗಟ್ಟುತ್ತದೆ, ತೆಳ್ಳಗೆ ಎರಡು ಸಲ ಹಚ್ಚಿ. ಮದರಂಗಿ ಬಣ್ಣ ಏರಲಿ ಅಂತ ಎಣ್ಣೆ ಸವರಿದ ಕೈ ಬಂದರೆ ಉಗುರಿನ ಜಿಡ್ಡು ಪೂರ್ತಿ ತೆಗೆಯದೆ ಬೇಸ್ ಮುಟ್ಟಬೇಡಿ. ಬಾಟಲಿಗಳನ್ನು ಕಿಟಕಿ ಹತ್ತಿರ ಇಡಬೇಡಿ, ಬಿಸಿಲು ಬಿದ್ದರೆ ಜೆಲ್ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ. ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ. ಮನೆಯ ಪಾರ್ಲರ್ ಆದ್ದರಿಂದ ಹೇಳುತ್ತೇನೆ, ಅದೇ ಕೋಣೆಯಲ್ಲಿ ದೀಪ, ಊದುಬತ್ತಿ ಬೇಡ, ಕಿಟಕಿ ತೆರೆದಿರಲಿ.

ಉಗುರಿನಲ್ಲಿ ಫಂಗಸ್, ಹಸಿರು ಕಲೆ, ಕೀವು ಕಂಡರೆ ಹಚ್ಚದೆ ಡಾಕ್ಟರ ಹತ್ತಿರ ಕಳಿಸಬೇಕು. ಯಾವುದನ್ನು ಮುಟ್ಟಬಾರದು ಅಂತ ಫೋಟೋ ಇಟ್ಟು ಕಲಿಸುವವರು ಒಳ್ಳೆಯ ಟೀಚರ್.

ಸರ್ಟಿಫಿಕೇಟ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಗಿರಾಕಿಗಳು ಗೋಡೆ ನೋಡುವುದಿಲ್ಲ, ಕೈ ನೋಡುತ್ತಾರೆ. ಮುಂದೆ ದೊಡ್ಡ ಸಲೂನ್‌ನಲ್ಲಿ ಕೆಲಸಕ್ಕೆ ಸೇರುವ ಯೋಚನೆ ಇದ್ದರೆ ಮಾತ್ರ ಬ್ಯೂಟಿ ಅಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನ ಮಾನ್ಯತೆ ಇದೆಯಾ ಅಂತ ವಿಚಾರಿಸಿ. ಅಂತಾರಾಷ್ಟ್ರೀಯ ಸರ್ಟಿಫಿಕೇಟ್ ಅಂದರೆ ಯಾವ ಸಂಸ್ಥೆ ಕೊಡುವುದು ಅಂತ ಬಾಯಿ ಬಿಟ್ಟು ಕೇಳಿ. ಸಾಮಾನು ಕೊಳ್ಳಲು ಸಾಲ ಬೇಕಾದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನ ಇಲ್ಲದೆ ಸಿಗುತ್ತದೆ, ನಿಮ್ಮ ಬ್ಯಾಂಕಿನಲ್ಲೇ ಕೇಳಿ.

ಇನ್ನೆರಡು ಪ್ರಶ್ನೆ ಅದೇ ಫೋನಿನಲ್ಲಿ ಮುಗಿಸಿ. ಒಂದು ಬ್ಯಾಚಿಗೆ ಎಷ್ಟು ಜನ? ಐದಾರಕ್ಕಿಂತ ಜಾಸ್ತಿ ಇದ್ದರೆ ನಿಮ್ಮ ಕೈ ಯಾರೂ ನೋಡುವುದಿಲ್ಲ. ಕಲಿಸುವುದು ಯಾವ ಭಾಷೆಯಲ್ಲಿ? ಬೆಳಗಾವಿಯಲ್ಲಿ ಕೆಲವು ಕಡೆ ಮರಾಠಿ, ಹಿಂದಿಯಲ್ಲೇ ಪಾಠ ನಡೆಯುತ್ತದೆ. ನಿಮಗೆ ಕನ್ನಡದಲ್ಲಿ ಹೇಳಿದರೆ ತಲೆಗೆ ಹೋಗುತ್ತದೆ ಅಂದರೆ ಸಂಕೋಚ ಇಲ್ಲದೆ ಹೇಳಿ, ದುಡ್ಡು ನಿಮ್ಮದು.

ಯೂಟ್ಯೂಬ್ ಬೇಡ ಅನ್ನುವುದಿಲ್ಲ. ಕೋರ್ಸ್ ಆದ ಮೇಲೆ ಬಣ್ಣ, ಡಿಸೈನ್ ನೋಡಲು ಬಹಳ ಒಳ್ಳೆಯದು. ಆದರೆ ನಿಮ್ಮ ಬ್ರಷ್‌ನಲ್ಲಿ ಜೆಲ್ ಜಾಸ್ತಿ ಆಯಿತು, ಚರ್ಮಕ್ಕೆ ತಾಗುತ್ತಿದೆ ಅಂತ ವೀಡಿಯೊ ಹೇಳುವುದಿಲ್ಲ.

ಮಾಡೆಲ್ ಆಗಿ ರೊಟ್ಟಿ ಬಡಿಯುವ, ಪಾತ್ರೆ ತಿಕ್ಕುವ ಕೈಯವರನ್ನೇ ಕರ್ಕೊಂಡು ಬನ್ನಿ, ಅಕ್ಕನೋ ಅತ್ತಿಗೆಯೋ ಯಾರಾದರೂ ಆಗಲಿ. ಎರಡೂ ಕಡೆಗೆ ಫೋನ್ ಮಾಡಿ ಏನಂದರು ಅಂತ ಇಲ್ಲೇ ಬರೆಯಿರಿ. ಕಿಟ್ ಪಟ್ಟಿ ಕಳಿಸಿದರೆ ಫೋಟೋ ಹಾಕಿ, ಲ್ಯಾಂಪ್ ಮತ್ತು ಜೆಲ್ ಹೊಂದುತ್ತವಾ ಅಂತ ನೋಡಿ ಹೇಳುತ್ತೇನೆ.