38 ಅಂಕ 34ಕ್ಕಿಂತ ಜಾಸ್ತಿ, ಸರಿ. ಆದರೆ ಬೆಂಗಳೂರು ಎಫ್‌ಸಿ ನಿಜವಾಗಿ ಸುಧಾರಿಸಿತಾ?

ನಿಮ್ಮ ಪ್ರಶ್ನೆ ಇಷ್ಟು: ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್‌ನಲ್ಲಿ ಬೆಂಗಳೂರು ಎಫ್‌ಸಿ 2022-23ರಲ್ಲಿ 34 ಅಂಕ ಗಳಿಸಿತು, 2023-24ರಲ್ಲಿ 22ಕ್ಕೆ ಕುಸಿಯಿತು, 2024-25ರಲ್ಲಿ 38ಕ್ಕೆ ಏರಿತು. ಮೂರರಲ್ಲಿ 2024-25ರ ತಂಡವೇ ಚೆನ್ನಾಗಿತ್ತು ಅಂತ ನೀವು. ಅಲ್ಲ, 2022-23ರದ್ದು ಅಂತ ನಿಮ್ಮ ರೂಮ್‌ಮೇಟ್. ಯಾರು ಸರಿ?

ನನ್ನ ಪ್ರಕಾರ ನೀವು ಸರಿ, ಆದರೆ ನೀವು ಕೊಟ್ಟ ಕಾರಣ ಸರಿಯಿಲ್ಲ. ಪಂದ್ಯಕ್ಕೆ ಎಷ್ಟು ಅಂಕ ಅಂತ ನೋಡಿ ಹೇಳುವುದಾದರೆ ನಿಮ್ಮ ರೂಮ್‌ಮೇಟ್ ಒಂದು ಕೂದಲೆಳೆ ಮುಂದಿದ್ದಾರೆ.

ನಾನು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನು. ಫುಟ್‌ಬಾಲ್ ಆಡಿದವನಲ್ಲ, ನೋಡುವವನು. ಕಂಠೀರವದಲ್ಲಿ ಪಂದ್ಯ ಇದ್ದಾಗ ಸಾಧ್ಯವಾದರೆ ರೈಲು ಹತ್ತುತ್ತೇನೆ, ಇಲ್ಲದಿದ್ದರೆ ಮೊಬೈಲ್‌ನಲ್ಲಿ ನೋಡುತ್ತೇನೆ. ತುಮಕೂರು ಜಿಲ್ಲೆಯಲ್ಲಿ ಟೀ ಅಂಗಡಿ ಮುಂದೆ ನಿಂತು ಫುಟ್‌ಬಾಲ್ ಮಾತಾಡೋಕೆ ಜನ ಸಿಗುವುದು ಕಷ್ಟ, ಎಲ್ಲರಿಗೂ ಆರ್‌ಸಿಬಿ ಬೇಕು. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಪಂದ್ಯಗಳ ಸಂಖ್ಯೆ ನೋಡಿ. ಐಎಸ್‌ಎಲ್‌ನಲ್ಲಿ ಇದು ಆಗಾಗ ಬದಲಾಗಿದೆ. ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಲೀಗ್‌ಗೆ ಬಂದ 2017-18ರಲ್ಲಿ 10 ತಂಡ, ಒಬ್ಬೊಬ್ಬರಿಗೆ 18 ಪಂದ್ಯ. 2020-21ರಲ್ಲಿ ಈಸ್ಟ್ ಬೆಂಗಾಲ್ ಸೇರಿ 11 ತಂಡ, 20 ಪಂದ್ಯ. 2023-24ರಲ್ಲಿ ಪಂಜಾಬ್ ಬಂದು 12 ತಂಡ, 22 ಪಂದ್ಯ. 2024-25ರಲ್ಲಿ ಮೊಹಮ್ಮಡನ್ ಬಂದು 13 ತಂಡ, 24 ಪಂದ್ಯ. ಅಂದರೆ ನಿಮ್ಮ 34 ಅಂಕ ಬಂದಿದ್ದು 20 ಪಂದ್ಯದಲ್ಲಿ, 38 ಬಂದಿದ್ದು 24 ಪಂದ್ಯದಲ್ಲಿ. ಈ ವರ್ಷ ನಮ್ಮ ತೋಟದಲ್ಲಿ ಕಾಯಿ ಜಾಸ್ತಿ ಬಂತು ಅಂತ ಯಾರಾದರೂ ಹೇಳಿದರೆ ನಮ್ಮ ಮಂಡಿ ಯಜಮಾನರು ಮೊದಲು ಕೇಳುವುದು, ಎಷ್ಟು ಮರದ್ದು ಅಂತ. ಇಲ್ಲೂ ಅಷ್ಟೇ.

ಭಾಗಿಸಿ ನೋಡೋಣ. 2022-23ರಲ್ಲಿ ಪಂದ್ಯಕ್ಕೆ 1.70 ಅಂಕ. 2023-24ರಲ್ಲಿ 22 ಪಂದ್ಯಕ್ಕೆ 22 ಅಂಕ, ಸರಿಯಾಗಿ ಪಂದ್ಯಕ್ಕೊಂದು. 2024-25ರಲ್ಲಿ 1.58. ಒಟ್ಟು ಅಂಕದಲ್ಲಿ ಮೇಲಿದ್ದ ಸೀಸನ್ ಇಲ್ಲಿ ಕೆಳಗೆ ಬಂತು. ನಿಮ್ಮ ರೂಮ್‌ಮೇಟ್ ಇದನ್ನೇ ಹೇಳುತ್ತಿರಬೇಕು.

ಆದರೆ ಅವರೂ ಕುಣಿದಾಡುವ ಹಾಗಿಲ್ಲ. 1.70 ಮತ್ತು 1.58 ನಡುವಿನ ಅಂತರ ಎಷ್ಟು ಅಂತ ಪಂದ್ಯದ ಲೆಕ್ಕಕ್ಕೆ ತಂದು ನೋಡಿ. 24 ಪಂದ್ಯದಲ್ಲಿ 1.70ರಂತೆ ಬರಬೇಕಾದರೆ ಸುಮಾರು 41 ಅಂಕ ಬೇಕು. ಬಿಎಫ್‌ಸಿ ಹತ್ತಿರ ಇದ್ದಿದ್ದು 38. ಮೂರೇ ಅಂಕ ಕಮ್ಮಿ. ಸೋತ ಎಂಟು ಪಂದ್ಯದಲ್ಲಿ ಒಂದೇ ಒಂದು ಗೆಲುವಾಗಿದ್ದರೆ ಎರಡೂ ಸೀಸನ್ ಸಮ. ಒಂದು ಪೆನಾಲ್ಟಿ, ಒಂದು ರೆಡ್ ಕಾರ್ಡ್, ಕೊನೇ ನಿಮಿಷದ ಒಂದು ಕಾರ್ನರ್ ಸಾಕು ಇಷ್ಟು ವ್ಯತ್ಯಾಸಕ್ಕೆ. ಇಪ್ಪತ್ತು ಚಿಲ್ಲರೆ ಪಂದ್ಯದ ಲೀಗ್‌ನಲ್ಲಿ ದಶಾಂಶ ಬಿಂದುವಿನ ಆಚೆಗಿನ ಅಂಕಿ ಹಿಡಿದು ಜಗಳ ಆಡೋದು ಸುಮ್ನೆ ಟೈಂ ವೇಸ್ಟ್. 1.00ರಿಂದ 1.58ಕ್ಕೆ ಏರಿದ್ದು ಮಾತ್ರ ಬೇರೆ ವಿಷಯ. ಅಷ್ಟು ದೊಡ್ಡ ಏರಿಕೆ ಅದೃಷ್ಟದಿಂದ ಮಾತ್ರ ಬರುವುದಿಲ್ಲ.

ಅಂಕ ಸಮ ಸಮ ಆದಾಗ ನಾನು ಗೋಲಿನ ಕಾಲಮ್‌ಗೆ ಹೋಗುತ್ತೇನೆ. ಅಂಕ ಪಂದ್ಯದ ಕೊನೆಯ ಫಲಿತಾಂಶವನ್ನು ಮಾತ್ರ ಹೇಳುತ್ತದೆ. 1-0 ಗೆದ್ದರೂ ಮೂರು, 5-0 ಗೆದ್ದರೂ ಮೂರು. ತಂಡ ಎದುರಾಳಿಗಿಂತ ಎಷ್ಟು ಮೇಲಿತ್ತು ಅನ್ನೋದು ಹೊಡೆದ ಗೋಲು, ಬಿಟ್ಟುಕೊಟ್ಟ ಗೋಲಿನಲ್ಲಿ ಸ್ವಲ್ಪ ಚೆನ್ನಾಗಿ ಕಾಣುತ್ತದೆ. 2022-23ರಲ್ಲಿ ಲೀಗ್ ಹಂತದಲ್ಲಿ ಹೊಡೆದದ್ದು 27, ಬಿಟ್ಟದ್ದು 23. ವ್ಯತ್ಯಾಸ ಬರೀ 4. 2024-25ರಲ್ಲಿ ಹೊಡೆದದ್ದು 40, ಬಿಟ್ಟದ್ದು 31. ವ್ಯತ್ಯಾಸ 9. ಪಂದ್ಯಗಳಿಂದ ಭಾಗಿಸಿದರೂ ಹೆಚ್ಚುಕಮ್ಮಿ ಎರಡರಷ್ಟು: ಒಂದು ಕಡೆ 0.20, ಇನ್ನೊಂದು ಕಡೆ 0.38. ನೀವು ಸರಿ ಅಂತ ನಾನು ಹೇಳಿದ್ದು ಇದೇ ಕಾರಣಕ್ಕೆ.

ಬರೀ 4 ಗೋಲು ಮುಂದಿದ್ದ ತಂಡಕ್ಕೆ 34 ಅಂಕ ಹೇಗೆ ಬಂತು ಅಂತ ಕೇಳಬೇಕಲ್ವಾ? 2022-23ರ ಸಾಲು ನೋಡಿ: 11 ಗೆಲುವು, 1 ಡ್ರಾ, 8 ಸೋಲು. ಇಡೀ ಸೀಸನ್‌ಗೆ ಒಂದೇ ಡ್ರಾ. ಬಿಗಿ ಪಂದ್ಯಗಳು ಒಂದಂಕಕ್ಕೆ ನಿಲ್ಲಲೇ ಇಲ್ಲ, ಈ ಕಡೆ ಅಥವಾ ಆ ಕಡೆ ಉರುಳಿದವು. ಅದಕ್ಕಿಂತ ಮುಖ್ಯ, ಆ ಸೀಸನ್ ಒಂದಲ್ಲ, ಎರಡು. ಕೊನೆಯ ಎಂಟು ಲೀಗ್ ಪಂದ್ಯವನ್ನು ಬಿಎಫ್‌ಸಿ ಸಾಲಾಗಿ ಗೆದ್ದಿತು. ಎಂಟು ಗೆಲುವು ಅಂದರೆ 24 ಅಂಕ. 34ರಲ್ಲಿ ಅದನ್ನು ಕಳೆದರೆ ಮೊದಲ 12 ಪಂದ್ಯಕ್ಕೆ ಉಳಿಯುವುದು 10 ಅಂಕ. ಪಂದ್ಯಕ್ಕೆ 0.83! ಹತ್ತನೇ ಸ್ಥಾನಕ್ಕೆ ಬಿದ್ದ 2023-24ರ ತಂಡಕ್ಕಿಂತ ಕಡೆ. ಹೊಸ ವರ್ಷ ಬಂದ ಮೇಲೆ ಅದೇ ಕೋಚ್ ಸೈಮನ್ ಗ್ರೇಸನ್, ಹೆಚ್ಚುಕಮ್ಮಿ ಅದೇ ಹುಡುಗರು, ಯಾರು ಬಂದರೂ ಸೋಲಿಸುತ್ತಿದ್ದರು. ಕೇರಳ ಬ್ಲಾಸ್ಟರ್ಸ್ ಮೇಲೆ 1-0. ಅಲ್ಲಿವರೆಗೆ ಲೀಗ್‌ನಲ್ಲಿ ಸೋಲೇ ಕಾಣದ ಮುಂಬೈ ಸಿಟಿ ಮೇಲೆ 2-1. ಕಂಠೀರವದ ಪಶ್ಚಿಮ ಸ್ಟ್ಯಾಂಡ್‌ನಲ್ಲಿ ಆ ದಿನಗಳಲ್ಲಿ ಗಂಟಲು ನೆಟ್ಟಗಿದ್ದವರು ಯಾರೂ ಇರಲಿಲ್ಲ.

ಈಗ ಹೇಳಿ, 1.70 ಅನ್ನೋದು ಯಾವ ತಂಡದ ಸರಾಸರಿ? 0.83ರದ್ದೂ ಅಲ್ಲ, 3.00ರದ್ದೂ ಅಲ್ಲ. ಅಂಥ ತಂಡ ಮೈದಾನದಲ್ಲಿ ಒಂದು ದಿನವೂ ಇರಲಿಲ್ಲ. ಸೀಸನ್‌ಗಳನ್ನು ಹೋಲಿಸುವಾಗ ನಡುವೆ ಒಂದು ಗೆರೆ ಎಳೆದು ಮೊದಲರ್ಧ, ಎರಡನೇ ಅರ್ಧ ಬೇರೆ ಮಾಡಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಅದರಲ್ಲೂ ಕೋಚ್ ಬದಲಾದ ವರ್ಷ ಇದು ಬೇಕೇ ಬೇಕು. 2020-21ರಲ್ಲಿ ಕಾರ್ಲೆಸ್ ಕ್ವಾದ್ರತ್ ಜನವರಿಯಲ್ಲಿ ಹೋದರು, ಉಳಿದದ್ದನ್ನು ನೌಷಾದ್ ಮೂಸಾ ನೋಡಿಕೊಂಡರು. 2023-24ರಲ್ಲಿ ಗ್ರೇಸನ್ ಡಿಸೆಂಬರ್‌ನಲ್ಲಿ ಹೋಗಿ ಜೆರಾರ್ಡ್ ಸರಗೋಸಾ ಬಂದರು. ಇಬ್ಬರ ಕೆಲಸವನ್ನು ಒಂದೇ ಸಾಲಲ್ಲಿ ಬರೆದು ಒಬ್ಬರ ತಲೆಗೆ ಕಟ್ಟುವುದು ಅನ್ಯಾಯ.

2023-24 ಯಾಕೆ ಹಾಗೆ ಬಿತ್ತು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 22 ಪಂದ್ಯಕ್ಕೆ 20 ಗೋಲು, ಬಿಟ್ಟದ್ದು 34. ಆ ಬೇಸಿಗೆಯಲ್ಲಿ ರಾಯ್ ಕೃಷ್ಣ ಒಡಿಶಾ ತಂಡಕ್ಕೆ ಹೋದರು, ಸಂದೇಶ್ ಜಿಂಗನ್ ಗೋವಾ ತಂಡಕ್ಕೆ ಹೋದರು. ಗೋಲು ಹೊಡೆಯುವವನೂ ತಡೆಯುವವನೂ ಒಟ್ಟಿಗೆ ಬಾಗಿಲು ದಾಟಿದರೆ ಇನ್ನೇನಾಗುತ್ತದೆ? ಮರುವರ್ಷ ಎರಡೇ ಪಂದ್ಯ ಜಾಸ್ತಿ ಆಡಿ ಹೊಡೆದ ಗೋಲು 20ರಿಂದ 40ಕ್ಕೆ ಹೋಯಿತು. ಅದರಲ್ಲಿ ದೊಡ್ಡ ಪಾಲು, ಆ ಆಗಸ್ಟ್‌ನಲ್ಲಿ 40 ತುಂಬಿದ ಸುನಿಲ್ ಛೆಟ್ರಿಯದು. ಪ್ಲೇ-ಆಫ್ (ಲೀಗ್ ಮುಗಿದ ಮೇಲೆ ಮೇಲಿನ ತಂಡಗಳು ಕಪ್‌ಗಾಗಿ ಆಡುವ ಪಂದ್ಯಗಳು) ಸೇರಿ 14 ಗೋಲು.

"ಪ್ಲೇ-ಆಫ್ ಸೇರಿ" ಅಂತ ಬೇಕಂತಲೇ ಬರೆದೆ. ತುಂಬಾ ಜನ ಎಡವುವ ಜಾಗ ಇದು. 2017-18 ನೆನಪಿಸಿಕೊಳ್ಳಿ. ಮಿಕು 15 ಗೋಲು, ಛೆಟ್ರಿ 14. ಒಟ್ಟು 29. ಲೀಗ್ ಪಟ್ಟಿಯಲ್ಲಿ ಬಿಎಫ್‌ಸಿ ಹೊಡೆದ ಗೋಲು 35 ಅಂತ ಇದೆ. 29 ಭಾಗಿಸು 35, ಅಯ್ಯೋ ನೂರಕ್ಕೆ 83 ಭಾಗ ಇಬ್ಬರದೇ ಅಂತ ಜನ ಬರೆದುಬಿಡುತ್ತಾರೆ. ಆದರೆ 35 ಬರೀ ಲೀಗ್ ಪಂದ್ಯಗಳ ಲೆಕ್ಕ. ಆಟಗಾರರ 29ರಲ್ಲಿ ಪ್ಲೇ-ಆಫ್ ಗೋಲೂ ಸೇರಿವೆ: ಪುಣೆ ಮೇಲೆ ಸೆಮಿಫೈನಲ್‌ನಲ್ಲಿ ಛೆಟ್ರಿಯ ಹ್ಯಾಟ್ರಿಕ್, ಚೆನ್ನೈಯಿನ್ ಮೇಲೆ ಫೈನಲ್‌ನಲ್ಲಿ ಇಬ್ಬರದೂ ಒಂದೊಂದು. ಆ ಐದನ್ನು ತೆಗೆದರೆ 24. 35ಕ್ಕೆ 24 ಅಂದರೆ ಸುಮಾರು 69 ಭಾಗ. ಈಗಲೂ ಜಾಸ್ತಿಯೇ, ಆದರೆ 83 ಅಲ್ಲ. ಮೇಲಿನ ಅಂಕಿ ಒಂದು ಪುಸ್ತಕದ್ದು, ಕೆಳಗಿನ ಅಂಕಿ ಇನ್ನೊಂದು ಪುಸ್ತಕದ್ದು ಆಗಬಾರದು.

ಕಪ್ ಗೆದ್ದ ವರ್ಷವೇ ಶ್ರೇಷ್ಠ ವರ್ಷ ಅನ್ನೋ ವಾದವನ್ನೂ ನಿಮ್ಮ ರೂಮ್‌ಮೇಟ್ ಎತ್ತಬಹುದು. ಅದಕ್ಕೆ ಬಿಎಫ್‌ಸಿಯ ಮೊದಲ ಮೂರು ಐಎಸ್‌ಎಲ್ ಸೀಸನ್ ತೋರಿಸಿ. ಮೂರರಲ್ಲೂ 18 ಪಂದ್ಯ, ಭಾಗಿಸುವ ಗೋಜೇ ಇಲ್ಲ. 2017-18ರಲ್ಲಿ 40 ಅಂಕ, ಗೋಲು ವ್ಯತ್ಯಾಸ 19. 2018-19ರಲ್ಲಿ 34 ಅಂಕ, ವ್ಯತ್ಯಾಸ 7. 2019-20ರಲ್ಲಿ 30 ಅಂಕ, ವ್ಯತ್ಯಾಸ 9. ಕಪ್ ಗೆದ್ದದ್ದು ನಡುವಿನ ವರ್ಷ, ಮೂರರಲ್ಲಿ ಗೋಲು ವ್ಯತ್ಯಾಸ ಅತಿ ಕಡಿಮೆ ಇದ್ದ ವರ್ಷ! 2018-19ರಲ್ಲಿ ಗೋವಾಕ್ಕೂ 34 ಅಂಕವೇ. ಅವರ ಗೋಲು ವ್ಯತ್ಯಾಸ ನಮ್ಮದಕ್ಕಿಂತ ಎಷ್ಟೋ ಮೇಲಿತ್ತು. ಆದರೆ ಪರಸ್ಪರ ಆಡಿದ ಎರಡೂ ಪಂದ್ಯ ಬಿಎಫ್‌ಸಿ ಗೆದ್ದಿದ್ದರಿಂದ ನಾವು ಮೊದಲ ಸ್ಥಾನ. ಫೈನಲ್‌ನಲ್ಲೂ ಅದೇ ಗೋವಾ. ಹೆಚ್ಚುವರಿ ಸಮಯದಲ್ಲಿ, 117ನೇ ನಿಮಿಷಕ್ಕೆ ರಾಹುಲ್ ಭೇಕೆ ತಲೆಯಿಂದ ಒಂದು ಗೋಲು. 1-0. ನನಗೆ ಅತಿ ಪ್ರೀತಿಯ ಸೀಸನ್ ಅದು. ಅತಿ ಬಲವಾದ ತಂಡ ಯಾವುದು ಅಂದರೆ ಮಾತ್ರ 2017-18 ಅಂತಲೇ ಹೇಳುತ್ತೇನೆ. ಪಂದ್ಯಕ್ಕೆ 2.22 ಅಂಕ, ಹದಿಮೂರು ಗೆಲುವು. ಸ್ವಂತ ಮನೆಯಲ್ಲೇ ಫೈನಲ್ ಸೋತರು, 3-2. ಲೀಗ್‌ನಲ್ಲಿ ಮೊದಲ ಬಂದವರಿಗೆ ಶೀಲ್ಡ್ ಕೊಡುವ ಪದ್ಧತಿ ಶುರುವಾದದ್ದು 2019-20ರಲ್ಲಿ. ಎರಡು ವರ್ಷ ತಡ, ಏನು ಮಾಡೋದು.

ಇನ್ನು ಸ್ಥಾನ. ಇದನ್ನು ನಾನು ಹೆಚ್ಚು ನಂಬುವುದಿಲ್ಲ. 10 ತಂಡದಲ್ಲಿ ಏಳನೆಯದು ಬೇರೆ, 13 ತಂಡದಲ್ಲಿ ಏಳನೆಯದು ಬೇರೆ. 2021-22ರಲ್ಲಿ ಬಿಎಫ್‌ಸಿ ಆರನೇ ಸ್ಥಾನದಲ್ಲಿ ನಿಂತು ಮನೆಗೆ ಹೋಯಿತು, ಯಾಕೆಂದರೆ ಆಗ ಪ್ಲೇ-ಆಫ್‌ಗೆ ನಾಲ್ಕೇ ತಂಡ. ಮರುವರ್ಷ ಆರು ತಂಡ. ನಾಲ್ಕನೇ ಸ್ಥಾನದ 2022-23ರ ತಂಡ ಫೈನಲ್‌ವರೆಗೂ ಹೋಯಿತು.

ಅಂಕಿಯ ಹಿಂದಿನ ಪರಿಸ್ಥಿತಿಯನ್ನೂ ಮರೆಯಬೇಡಿ. 2020-21 ಮತ್ತು 2021-22ರ ಪಂದ್ಯಗಳೆಲ್ಲ ಕೊರೊನಾ ಕಾರಣಕ್ಕೆ ಗೋವಾದಲ್ಲೇ ನಡೆದವು. ಖಾಲಿ ಸ್ಟೇಡಿಯಂ, ಕಂಠೀರವ ಇಲ್ಲ. ಪಟ್ಟಿಯಲ್ಲಿ ತವರು ಪಂದ್ಯ ಅಂತ ಬರೆದಿದ್ದರೂ ಅದಕ್ಕೆ ಅರ್ಥವಿಲ್ಲ. ಹಾಗಾಗಿ ತವರು-ಹೊರಗಿನ ಹೋಲಿಕೆ ಮಾಡುವಾಗ ಆ ಎರಡು ವರ್ಷ ಪಕ್ಕಕ್ಕಿಡಿ. ಇನ್ನೊಂದು ಮಜಾ ಇದೆ. 2020-21ರಲ್ಲೂ ಬಿಎಫ್‌ಸಿಗೆ 22 ಅಂಕವೇ, 2023-24ರಲ್ಲೂ 22. ಎರಡರಲ್ಲೂ 5 ಗೆಲುವು, 7 ಡ್ರಾ. ಅಲ್ಲಿ 8 ಸೋಲು, ಇಲ್ಲಿ 10. ಅವಳಿ ಮಕ್ಕಳ ಥರ ಕಾಣುತ್ತವೆ. ಗೋಲು ನೋಡಿದರೆ ಗುರುತೇ ಸಿಗುವುದಿಲ್ಲ: ಮೊದಲನೆಯದರಲ್ಲಿ ಹೊಡೆದದ್ದು 26, ಬಿಟ್ಟದ್ದು 28, ವ್ಯತ್ಯಾಸ ಮೈನಸ್ 2. ಎರಡನೆಯದು ಮೈನಸ್ 14. ಒಂದು ತಂಡಕ್ಕೆ ಗೆಲುವು ಸ್ವಲ್ಪದರಲ್ಲಿ ಕೈ ತಪ್ಪಿತು, ಇನ್ನೊಂದು ನಿಜವಾಗಿಯೂ ಹಳ್ಳಕ್ಕೆ ಬಿದ್ದಿತ್ತು.

ನೀವು ಇದನ್ನೆಲ್ಲ ಎಕ್ಸೆಲ್‌ನಲ್ಲಿ ಹಾಕುವುದಾದರೆ ಒಂದು ಸಾಲಿಗೆ ಒಂದು ಸೀಸನ್ ಅಂತ ಬರೆಯಬೇಡಿ. ಒಂದು ಸಾಲಿಗೆ ಒಂದು ಪಂದ್ಯ ಅಂತ ಬರೆಯಿರಿ: ತಾರೀಖು, ಎದುರಾಳಿ, ಊರು, ಹೊಡೆದದ್ದು, ಬಿಟ್ಟದ್ದು, ಕೋಚ್, ಲೀಗೋ ಪ್ಲೇ-ಆಫೋ. ಆಮೇಲೆ ಹೇಗೆ ಬೇಕಾದರೂ ಕೂಡಿಸಬಹುದು, ಎಲ್ಲಿ ಬೇಕಾದರೂ ಗೆರೆ ಎಳೆಯಬಹುದು. ಫೈನಲ್‌ಗಳನ್ನು ಬರೆಯುವಾಗ ಸ್ವಲ್ಪ ಹುಷಾರು. 2023ರ ಫೈನಲ್ ಎಟಿಕೆ ಮೋಹನ್ ಬಾಗಾನ್ ಜೊತೆ 2-2, ಸೋತದ್ದು ಪೆನಾಲ್ಟಿ ಶೂಟೌಟ್‌ನಲ್ಲಿ. ಲೆಕ್ಕಕ್ಕೆ ಅದು ಡ್ರಾ. 2025ರ ಫೈನಲ್ ಮತ್ತೆ ಮೋಹನ್ ಬಾಗಾನ್ ಜೊತೆಯೇ, ಹೆಚ್ಚುವರಿ ಸಮಯದಲ್ಲಿ 2-1. ಅದು ಸೋಲು.

ನಿಮ್ಮ ರೂಮ್‌ಮೇಟ್ ಇಷ್ಟಕ್ಕೂ ಬಗ್ಗದಿದ್ದರೆ ಬಿಟ್ಟುಕೊಟ್ಟ ಗೋಲನ್ನು ಹಿಡಿದುಕೊಳ್ಳಲಿ. 2022-23ರಲ್ಲಿ ಪಂದ್ಯಕ್ಕೆ 1.15, 2024-25ರಲ್ಲಿ 1.29. ಡಿಫೆನ್ಸ್ ವಿಷಯದಲ್ಲಿ ಅವರದೇ ಮೇಲುಗೈ.